ಇನ್ಸುಲಿನ್ ಮತ್ತು ಮೈತೂಕ

ಇನ್ಸುಲಿನ್ ಆರಂಭಿಸಿದ ಮೇಲೆ ಮೈತೂಕ ಏರಿತೆಂದು ಚುಚ್ಚುಮದ್ದನ್ನೇ ಬಿಡಬೇಕೆಂದಿದ್ದ ಸತ್ಯಮಂಗಲದ ತಾಯಿಯೊಬ್ಬರಿಗೆ ನಾವು ಹೇಳಿದ ಮಾತನ್ನೇ ಇಲ್ಲಿ ಬರೆಯುತ್ತಿದ್ದೇವೆ.

ತೂಕ ಏರುವುದು ನಿಜ. ಅದು ಔಷಧದ ದೋಷವಲ್ಲ. ಮೊದಲು ಮೂತ್ರದಲ್ಲಿ ಹರಿದುಹೋಗುತ್ತಿದ್ದ ಸಕ್ಕರೆ ಈಗ ದೇಹಕ್ಕೆ ದಕ್ಕುತ್ತಿದೆ. ಊಟ ಮಾತ್ರ ಹಿಂದಿನಷ್ಟೇ ಉಳಿದಿದೆ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಚಿಕಿತ್ಸೆ ಪಡೆದ 14 ವರ್ಷದ ಬಾಲಕ ಲಿಯೊನಾರ್ಡ್ ಥಾಂಪ್ಸನ್ ಎಲುಬಿನ ಹಂದರವಾಗಿದ್ದನು. ಅಂಥವರ ಮೈ ತುಂಬಿಸಿದ ಗುಣವೇ ಇಂದು ನಮಗೆ ತೊಡಕಾಗಿ ಕಾಣುತ್ತಿದೆ!

ನಮ್ಮ ತುಮಕೂರು ಸೀಮೆಯಲ್ಲಿ ರಾಗಿಮುದ್ದೆಯನ್ನು ಸಕ್ಕರೆ ಕಾಯಿಲೆಗೆ ಮದ್ದೆಂದೇ ಭಾವಿಸಿ ಎರಡೆರಡು ಉಣ್ಣುವವರುಂಟು. ರಾಗಿ ಒಳ್ಳೆಯ ಧಾನ್ಯವೇ, ಆದರೆ ಅದರಲ್ಲಿಯೂ ಪಿಷ್ಟವೇ ಹೆಚ್ಚು. ಮುದ್ದೆ ಚಿಕ್ಕದಾಗಲಿ, ಸೊಪ್ಪು ಕಾಳು ಹೆಚ್ಚಲಿ, ದಿನವೂ ಅರ್ಧ ಗಂಟೆ ನಡಿಗೆಯಿರಲಿ. ಆದರೆ ಊಟ ಇಳಿಸುವ ಮುನ್ನ ವೈದ್ಯರನ್ನು ಕೇಳಿ ಇನ್ಸುಲಿನ್ ಪ್ರಮಾಣವನ್ನೂ ಹೊಂದಿಸಿಕೊಳ್ಳಬೇಕು. ಸೋಮವಾರದ ಒಪ್ಪೊತ್ತು, ಶಿವರಾತ್ರಿಯ ಉಪವಾಸಗಳಿಗೂ ಇದೇ ಮಾತು. ಇಲ್ಲವಾದರೆ ರಕ್ತದ ಸಕ್ಕರೆ ಕುಸಿದು ನಡುಕ, ಬೆವರು ಕಾಣಿಸುತ್ತವೆ. ಆ ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ತಿಂದು ತೂಕ ಮತ್ತಷ್ಟು ಏರುತ್ತದೆ. ಆಗ 3 ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಕಾದು, ಮತ್ತೆ ಪರೀಕ್ಷಿಸಿಕೊಳ್ಳಬೇಕು.

ಚುಚ್ಚುಮದ್ದು ಬಿಟ್ಟರೆ ಮೈ ಇಳಿಯಬಹುದು. ಆದರೆ ಆ ಇಳಿಕೆ ರೋಗದ್ದು. ರಕ್ತದಲ್ಲಿ ಆಮ್ಲ ಸೇರಿ ಪ್ರಾಣಕ್ಕೇ ಅಪಾಯ ಒದಗಬಹುದು.

ಆ ತಾಯಿ ಈಗ ಪ್ರತಿದಿನದ ಸಕ್ಕರೆಯ ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದಾರೆ. ಮುಂದಿನ ವಾರ ಅದನ್ನು ವೈದ್ಯರಿಗೆ ತೋರಿಸಲಿದ್ದಾರೆ.