ಕರೆಂಟು ಹೋದಾಗ ಕರ್ನಲ್

ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಗೆ ಬಂದದ್ದು 1996ರಲ್ಲಿ, ‘ಪಿಸಿ ಕ್ವೆಸ್ಟ್’ ಪತ್ರಿಕೆಯ ಜೊತೆ ಕೊಟ್ಟ ಸಿಡಿಯಲ್ಲಿ. ಸೋರ್ಸ್ ಕೋಡ್ ಸಮೇತ! ಆದರೆ ಸೌಂಡ್ ಕಾರ್ಡ್ ಮೂಕ. ಅದಕ್ಕೆ ಬಾಯಿ ಬರಬೇಕಾದರೆ ಲಿನಕ್ಸಿನ ತಿರುಳಾದ ಕರ್ನಲ್ಲನ್ನು ಮತ್ತೆ ಕಂಪೈಲ್ ಮಾಡಬೇಕು, ಅಂದರೆ ಮನುಷ್ಯರು ಬರೆದ ಸಾಲುಗಳನ್ನು ಯಂತ್ರಭಾಷೆಗೆ ಇಳಿಸಬೇಕು. ನನ್ನ 486 ಅದಕ್ಕೆ ಎರಡು ಗಂಟೆ ಕೇಳುತ್ತಿತ್ತು. ಅಷ್ಟು ಹೊತ್ತು ಕರೆಂಟು ಇರಬೇಕಲ್ಲ?

ಇಲ್ಲಿ ಕೈಹಿಡಿದದ್ದು ‘ಮೇಕ್’. 1976ರಲ್ಲಿ ಬೆಲ್ ಲ್ಯಾಬ್ಸಿನ ಸ್ಟುವರ್ಟ್ ಫೆಲ್ಡ್‌ಮನ್ ಬರೆದ ತಂತ್ರಾಂಶ. ಕಡತಗಳ ತಾರೀಖು, ಸಮಯ ಹೋಲಿಸಿ, ಸೋರ್ಸಿಗಿಂತ ಹಳೆಯದಾದದ್ದನ್ನಷ್ಟೇ ಮತ್ತೆ ಕಟ್ಟುತ್ತದೆ. ಹಾಗಾಗಿ ಕರೆಂಟು ಬಂದ ಮೇಲೆ ಬಿಟ್ಟಲ್ಲಿಂದಲೇ ಕೆಲಸ. (ಕರ್ನಲ್ ಈಗ ಮೂರು ಕೋಟಿ ಸಾಲು ದಾಟಿದೆ, ಇಂದಿಗೂ ಅದೇ ಮೇಕ್.)

ಒಂದು ರಾತ್ರಿ ಕೊನೆಯ ಜೋಡಣೆ ಕೈಕೊಟ್ಟಿತು. ಕರೆಂಟು ಹೋದ ಕ್ಷಣದಲ್ಲಿ ಬರೆಯುತ್ತಿದ್ದ ಕಡತವೊಂದು ಹಾಗೇ ಉಳಿದಿತ್ತು. ತಾರೀಖು ಹೊಸದು, ಹೊಟ್ಟೆ ಖಾಲಿ. ಮೇಕ್ ತಾರೀಖು ನೋಡಿ ನಂಬಿಬಿಟ್ಟಿತ್ತು. ಎಲ್ಲವನ್ನೂ ಅಳಿಸಿದರೆ ಮತ್ತೆರಡು ಗಂಟೆ. ಆ ಒಂದನ್ನೇ ಹುಡುಕಿ ಅಳಿಸಿ, ಮತ್ತೆ ‘ಮೇಕ್’ ಎಂದೆ.

ಬೆಳಗಿನ ಜಾವ ಸೌಂಡ್ ಕಾರ್ಡ್ ಒಮ್ಮೆ ಕೆಮ್ಮಿತು. ಕೆಳಮನೆಯ ಓನರ್ ಮೆಟ್ಟಿಲು ಹತ್ತಿ ಬಂದರು.