ಆಕಾಶದ ನಕ್ಷೆ ನಮ್ಮೂರಿಗೂ ಬರಲಿ

ಕಕ್ಕೇರಾದಲ್ಲಿ ಬಿ.ಎಸ್ಸಿ. ಮುಗಿಸಿದವರು ಭೌತವಿಜ್ಞಾನದ ಪುಸ್ತಕ ಹಿಡಿದು ಕೂತರೆ ಹಿರಿಯರದು ಒಂದೇ ಮಾತು: ‘ಅದನ್ನೆಲ್ಲ ಓದಿ ಏನ್ ಮಾಡ್ತಿ ತಮ್ಮಾ, ಪಿಡಿಒ ಪರೀಕ್ಷೆಗೆ ಕುಂದ್ರು’. ಅವರದು ತಪ್ಪಲ್ಲ, ಮನೆ ನಡೆಯಬೇಕು. ನಾನೂ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಆದರೂ ಆ ಮಾತಿಗೆ ಒಂದು ಉತ್ತರವಿದೆ ಎನ್ನಿಸುತ್ತದೆ.

ನಮ್ಮ ಕಡೆ ಬೆಳೆ ಹೇಗೆ ಬರುತ್ತದೆಂದು ತಿಳಿಯಲು ನಾರಾಯಣಪುರ ಜಲಾಶಯದಲ್ಲಿ ಎಷ್ಟು ನೀರಿದೆ ಎಂದು ನೋಡಿದರೆ ಸಾಲದು. ಎಡದಂಡೆ ಕಾಲುವೆಯ ನೀರು ಯಾವ ಹೊಲಕ್ಕೆ ಮುಟ್ಟಿದೆ ಎಂಬುದನ್ನೂ ನೋಡಬೇಕು. ಸುರುಳಿ ಗೆಲಾಕ್ಸಿಗಳ ಅಧ್ಯಯನವೂ ಹೆಚ್ಚುಕಡಿಮೆ ಹಾಗೆಯೇ. ಗೆಲಾಕ್ಸಿಯ ತಟ್ಟೆಯಲ್ಲಿ ಜಲಜನಕ ಎರಡು ರೂಪದಲ್ಲಿದೆ. ಬಿಡಿ ಪರಮಾಣುಗಳ ಅನಿಲ ಜಲಾಶಯದ ನೀರಿದ್ದಂತೆ. ನಕ್ಷತ್ರಗಳು ಕಾಣುವ ಅಂಚನ್ನೂ ದಾಟಿ ಹರಡಿರುತ್ತದೆ. ಅದು ತಣ್ಣಗಾಗಿ, ದಟ್ಟವಾಗಿ, ಅಣುಗಳಾದರೆ ನೀರು ಹೊಲಕ್ಕೆ ಮುಟ್ಟಿದಂತೆ. ಹೊಸ ನಕ್ಷತ್ರಗಳು ಹುಟ್ಟುವುದು ಈ ಅಣುಗಳ ಮೋಡಗಳಲ್ಲೇ.

ಎರಡನ್ನೂ ಗುರುತಿಸುವ ದಾರಿ ಬೇರೆ ಬೇರೆ. ಪರಮಾಣು ಜಲಜನಕ 21 ಸೆಂಟಿಮೀಟರ್ ಉದ್ದದ ರೇಡಿಯೊ ತರಂಗ ಸೂಸುತ್ತದೆ. ಅದನ್ನು ಮೊದಲು ಹಿಡಿದದ್ದು 1951ರಲ್ಲಿ. ತಣ್ಣಗಿನ ಜಲಜನಕ ಅಣು ಮಾತ್ರ ಹೀಗೆ ಸುಳಿವು ಕೊಡುವುದಿಲ್ಲ. ಅದರ ಜೊತೆಗಿರುವ ಅಲ್ಪಸ್ವಲ್ಪ ಕಾರ್ಬನ್ ಮೊನಾಕ್ಸೈಡ್ ಸೂಸುವ 2.6 ಮಿಲಿಮೀಟರ್ ತರಂಗವನ್ನು ಹಿಡಿದು ಲೆಕ್ಕ ಹಾಕಬೇಕು. ಈ ಎರಡು ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟರೆ ಅನಿಲ ಎಲ್ಲಿ ಸುಮ್ಮನೆ ಉಳಿದಿದೆ, ಎಲ್ಲಿ ನಕ್ಷತ್ರವಾಗುತ್ತಿದೆ ಎಂಬುದು ತಿಳಿಯುತ್ತದೆ. ತರಂಗದ ಅಳತೆಯಲ್ಲಾಗುವ ಸಣ್ಣ ವ್ಯತ್ಯಾಸದಿಂದ ಅನಿಲದ ವೇಗವೂ ಸಿಗುತ್ತದೆ. ಹೊರ ಅಂಚಿನಲ್ಲಿ ಆ ವೇಗ ನಿರೀಕ್ಷಿಸಿದಷ್ಟು ಇಳಿಯದಿರುವುದೇ ಕಾಣದ ದ್ರವ್ಯವಿದೆ ಎನ್ನಲು ಒಂದು ದೊಡ್ಡ ಸಾಕ್ಷಿ.

ಈ ಕೆಲಸ ಅಮೆರಿಕದಲ್ಲಿ ಮಾತ್ರ ನಡೆಯುವಂಥದ್ದಲ್ಲ. ಪುಣೆ ಜಿಲ್ಲೆಯ ಖೋಡದ್ ಬಳಿಯ ಜಿಎಂಆರ್‌ಟಿಯಲ್ಲಿ 45 ಮೀಟರ್ ಅಗಲದ 30 ಆಂಟೆನಾಗಳು 21 ಸೆಂಟಿಮೀಟರ್ ತರಂಗವನ್ನೂ ಹಿಡಿಯುತ್ತವೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಮಿಲಿಮೀಟರ್ ತರಂಗಗಳಿಗಾಗಿಯೇ 10.4 ಮೀಟರ್ ಅಗಲದ ದೂರದರ್ಶಕ ಕಟ್ಟಿತ್ತು. ಜಿಎಂಆರ್‌ಟಿಯ ದತ್ತಾಂಶ ನಿಗದಿತ ಅವಧಿ ಮುಗಿದ ಮೇಲೆ ಎಲ್ಲರಿಗೂ ಮುಕ್ತ. ಹೆಸರು ನೋಂದಾಯಿಸಿ ಇಳಿಸಿಕೊಳ್ಳಬಹುದು.

ಜಲಾಶಯ ತುಂಬಿದೆ, ನಮ್ಮ ಹೊಲಕ್ಕೆ ನೀರು ಬಂದಿಲ್ಲ. ನಾನು ಓದಿದ ಮೂರು ವರ್ಷದಲ್ಲಿ ಈ ವಿಷಯವನ್ನು ಯಾರೂ ಹೇಳಲಿಲ್ಲ. ಪ್ರಯೋಗಾಲಯದಲ್ಲಿ ಹಳೆಯ ರೆಕಾರ್ಡ್ ಪುಸ್ತಕದ ಅಂಕಿಗಳನ್ನೇ ನಕಲು ಮಾಡಿದೆವು. ಅದರ ಬದಲು ಕೊನೆಯ ವರ್ಷದಲ್ಲಿ ಮುಕ್ತ ದತ್ತಾಂಶದ ಒಂದು ಪ್ರಾಜೆಕ್ಟ್ ಕಡ್ಡಾಯವಾಗಲಿ. ಅದಕ್ಕೆ ಬೇಕಾದದ್ದು ಒಂದು ಕಂಪ್ಯೂಟರ್, ಇಂಟರ್ನೆಟ್ ಮತ್ತು ಕಲಿಸಲು ಮನಸ್ಸಿರುವ ಒಬ್ಬ ಉಪನ್ಯಾಸಕರು.

ಎಲ್ಲರೂ ಖಗೋಳವಿಜ್ಞಾನಿಗಳಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಇದಕ್ಕಾಗಿ ಕಲಿತ ಲಿನಕ್ಸ್, ಪೈಥಾನ್ ಬೇರೆ ಕೆಲಸಕ್ಕೂ ಬರುತ್ತವೆ. ಆಸಕ್ತಿ ಹುಟ್ಟಿದವರಿಗೆ ಜ್ಯಾಮ್, ಜೆಸ್ಟ್ ಪರೀಕ್ಷೆಗಳಿವೆ. ಸಂಶೋಧನೆಗೆ ಸೇರಿದರೆ ತಿಂಗಳ ಫೆಲೋಶಿಪ್ ಕೂಡ ಇದೆ. ಪಿಡಿಒ ಅರ್ಜಿಯ ಜೊತೆಗೇ ಈ ಅರ್ಜಿಯನ್ನೂ ಹಾಕಬಹುದು.

ನೀರು ಬರದಿದ್ದರೆ ಕಾಲುವೆಯ ಕೊನೆಯ ರೈತರು ಸುಮ್ಮನೆ ಕೂರುವುದಿಲ್ಲ, ಹೋಗಿ ಕೇಳುತ್ತಾರೆ. ನಮ್ಮ ಕಾಲೇಜುಗಳಲ್ಲಿ ನಾವೂ ಕೇಳೋಣ.