ಕಟ್ಟು ಚೆಲ್ಲಬಾರದು

ಕಾಲೇಜಿನ ಸಂಚಿಕೆಗೆ ಅಡಿಗೆಯ ವಿಷಯವೇ ಎಂದು ಕೆಲವು ಮಿತ್ರರು ನಗಬಹುದು. ನಗಲಿ. ಹೊಟ್ಟೆಗೆ ಬೀಳದೆ ಯಾವ ಶಾಸ್ತ್ರವೂ ತಲೆಗೆ ಹತ್ತುವುದಿಲ್ಲವೆಂಬುದು ವಿದ್ಯಾರ್ಥಿಗಳಾದ ನಮಗೆಲ್ಲ ತಿಳಿದದ್ದೇ. ನಾನಿಲ್ಲಿ ಹೇಳಹೊರಟಿರುವುದು ಕಡಲೆಕಾಳನ್ನು ಬೇಯಿಸಿ ಬಸಿದಾಗ ಉಳಿಯುವ ನೀರಿನ ವಿಚಾರ. ನಮ್ಮ ಕಡೆ ಅದಕ್ಕೆ ‘ಕಟ್ಟು’ ಎಂದು ಹೆಸರು.

ಮಂಡ್ಯ, ಮದ್ದೂರು, ಮಳವಳ್ಳಿಯವರಿಗೆ ಕಟ್ಟಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಮದ್ದೂರೆಂದರೆ ರೈಲಿನ ಪ್ರಯಾಣಿಕರಿಗೆ ವಡೆ. ಆ ಸೀಮೆಯ ಮನೆಗಳವರಿಗೆ ಮುದ್ದೆ ಮತ್ತು ಉಪ್ಪುಸಾರು. ಸೊಪ್ಪು ಕಾಳುಗಳನ್ನು ಬೇಯಿಸಿ ಬಸಿದ ಕಟ್ಟಿಗೆ ಉಪ್ಪು ಬೆರೆಸಿ, ಅರೆದ ಖಾರವನ್ನು ಜೊತೆಗಿಟ್ಟುಕೊಂಡರೆ ಉಪ್ಪುಸಾರು. ಅದೇ ಕಟ್ಟಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಕಾಯಿ, ಹುಣಿಸೆಹಣ್ಣುಗಳ ಜೊತೆ ಒಂದು ಹಿಡಿ ಬೆಂದ ಕಾಳನ್ನೂ ಅರೆದು ಹಾಕಿ ಕುದಿಸಿದರೆ ಬಸ್ಸಾರು. ಹಬ್ಬದ ದಿನ ಹೂರಣಕ್ಕೆಂದು ಬೇಯಿಸಿದ ಬೇಳೆಯ ಕಟ್ಟು ಒಬ್ಬಟ್ಟಿನ ಸಾರಾಗುತ್ತದೆ. ಎತ್ತುಗಳಿಗೆ ಹುರುಳಿ ಬೇಯಿಸುತ್ತಿದ್ದ ಮನೆಗಳಲ್ಲಿ ಕಾಳು ಎತ್ತಿಗೆ, ಕಟ್ಟು ಮನೆಯವರ ಸಾರಿಗೆ.

ಇಂಥ ಸೀಮೆಯ ಒಂದು ವಿದ್ಯಾರ್ಥಿನಿಲಯದಲ್ಲಿ ನಾನು ಕೆಲವು ಕಾಲ ಇದ್ದೆ. ಅಲ್ಲಿ ವಾರಕ್ಕೊಮ್ಮೆ ಕಡಲೆಕಾಳಿನ ಪಲ್ಯ. ಬಸಿದ ಕಟ್ಟು ಒಂದು ಕೊಳಗದ ತುಂಬ ಇರುತ್ತಿತ್ತು. ಅಷ್ಟೂ ಮೋರಿಗೆ ಹೋಗುತ್ತಿತ್ತು. ಆಮೇಲೆ ಅದೇ ಒಲೆಯ ಮೇಲೆ ನಲ್ಲಿಯ ನೀರಿಗೆ ಪುಡಿ ಕದಡಿ ತಿಳಿಸಾರು! ಒಂದು ದಿನ ತಡೆಯಲಾರದೆ ಅಡಿಗೆಯವರನ್ನು ಕೇಳಿಯೇಬಿಟ್ಟೆ. “ಬಸ್ಸಾರ್ ಮಾಡಿದ್ ದಿನ ಇದೇನ್ ಹಳ್ಳಿ ಊಟ ಅಂತ ತಟ್ಟೆ ತಳ್ಳಿದ್ದು ನೀವೇ ಅಲ್ವೇನಪ್ಪಾ?” ಎಂದರು.

ನಾನು ಮರುಮಾತಾಡಲಿಲ್ಲ. ತಟ್ಟೆ ತಳ್ಳಿದವರಲ್ಲಿ ನಾನೂ ಒಬ್ಬ. ಆ ದಿನ ನನ್ನ ಪಕ್ಕದಲ್ಲಿ ಬೆಂಗಳೂರಿನ ಗೆಳೆಯನೊಬ್ಬ ಕುಳಿತಿದ್ದ. ಅವನೆದುರು ಬಸ್ಸಾರಿಗೆ ಆಸೆಪಟ್ಟರೆ ನನ್ನ ಮರ್ಯಾದೆ ಹೋದೀತೆಂದು ಬಗೆದಿದ್ದೆ. ಮಳವಳ್ಳಿ ಕಡೆಯ ಹಳ್ಳಿಯಲ್ಲಿರುವ ನನ್ನ ಅಜ್ಜಿ, “ಕಟ್ ಚೆಲ್ಬಾರ್ದು ಕಣ್ಮಗ, ಕಾಳಿನ ಸತ್ವೆಲ್ಲಾ ಅದ್ರಾಗೇ ಇರೋದು” ಎನ್ನುತ್ತಿದ್ದ ಮಾತು ಆಗ ನೆನಪಿಗೆ ಬರಲಿಲ್ಲ; ಅಡಿಗೆಯವರ ಪ್ರಶ್ನೆಯಿಂದ ಬಂತು.

ಅಜ್ಜಿಯ ಮಾತು ಅಕ್ಷರಶಃ ನಿಜವಲ್ಲ. ಸಸಾರಜನಕದ ಹೆಚ್ಚಿನ ಭಾಗ ಕಾಳಿನಲ್ಲಿಯೇ ಉಳಿಯುತ್ತದೆ. ಆದರೆ ನೀರಿನಲ್ಲಿ ಕರಗುವ ಕೆಲವು ಜೀವಸತ್ವಗಳು, ಲವಣಗಳು, ಸ್ವಲ್ಪ ಪಿಷ್ಟ, ಸ್ವಲ್ಪ ಸಸಾರಜನಕ ಕಟ್ಟಿಗೆ ಇಳಿಯುತ್ತವೆ. ಅದರ ಮಂದತನಕ್ಕೂ ರುಚಿಗೂ ಇವೇ ಕಾರಣ. ಇದೇ ನೀರನ್ನು ಕಡೆದರೆ ಮೊಟ್ಟೆಯ ಬಿಳಿಯಂತೆ ನೊರೆಯೇಳುತ್ತದೆಂದು ಫ್ರಾನ್ಸಿನ ಜೋಯೆಲ್ ರೋಸೆಲ್ ಎಂಬವರು 2014ರಲ್ಲಿ ಲೋಕಕ್ಕೆ ತಿಳಿಸಿದರು. ಅಮೆರಿಕದ ಗೂಸ್ ವೋಲ್ಟ್ 2015ರಲ್ಲಿ ಅದಕ್ಕೆ ‘ಅಕ್ವಾಫಾಬಾ’ ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಅಕ್ವಾ ಎಂದರೆ ನೀರು, ಫಾಬಾ ಎಂದರೆ ಕಾಳು. ಮೂರು ದೊಡ್ಡ ಚಮಚ ಕಟ್ಟನ್ನು ಒಂದು ಮೊಟ್ಟೆಗೆ ಬದಲಾಗಿ ಹಾಕಿ ಅಲ್ಲಿಯವರು ಕೇಕು ಮಾಡುತ್ತಾರೆ. ಪರದೇಶದ ಹೆಸರು ಬಂದ ಮೇಲಾದರೂ ನಾವು ಕಟ್ಟಿಗೆ ಮರ್ಯಾದೆ ಕೊಡುವೆವೋ ಏನೋ! ಹಾಗೆ ಕೊಡುವುದಾದರೆ ಅದೂ ನಾಚಿಕೆಯ ಸಂಗತಿಯೇ.

ಕಟ್ಟಿನಿಂದ ಹೊಟ್ಟೆಯುಬ್ಬರವಾಗುತ್ತದೆಂಬ ಆಕ್ಷೇಪಣೆಯುಂಟು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದ್ದರಿಂದ ರಾತ್ರಿ ಕಾಳು ನೆನೆಸಿದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಬೇಕು. ಚೆಲ್ಲತಕ್ಕದ್ದು ನೆನೆಸಿದ ನೀರು. ಉಳಿಸತಕ್ಕದ್ದು ಬೇಯಿಸಿದ ನೀರು. ಬೆಳ್ಳುಳ್ಳಿ, ಜೀರಿಗೆ, ಇಂಗುಗಳನ್ನು ಹಿರಿಯರು ಸುಮ್ಮನೆ ಸೇರಿಸಿದವರಲ್ಲ. ಕಟ್ಟು ಬೇಗ ಹಳಸುವುದರಿಂದ ಆಯಾ ದಿನವೇ ಬಳಸುವುದು ಲೇಸು. ಸಾರು ಬೇಡವೆಂದಾದರೆ ಚಪಾತಿಯ ಹಿಟ್ಟು ಕಲಸಬಹುದು, ರೊಟ್ಟಿಯ ಹಿಟ್ಟಿಗೆ ಹಾಕಬಹುದು, ಗೊಜ್ಜನ್ನು ಸಡಿಲ ಮಾಡಬಹುದು. ಬೇಯಿಸುವಾಗ ಉಪ್ಪು ಹಾಕಿದ್ದರೆ ಮತ್ತೆ ಹಾಕುವ ಮುನ್ನ ರುಚಿ ನೋಡಿದರಾಯಿತು.

ಕಬ್ಬು ಬೆಳೆಯುವ ಜಿಲ್ಲೆ ನಮ್ಮದು. ರಸ ಹಿಂಡಿದ ಮೇಲೆ ಸಿಪ್ಪೆಯನ್ನು ಆಲೆಮನೆಯವರು ಎಸೆಯುವುದಿಲ್ಲ, ಒಲೆಗೆ ಹಾಕುತ್ತಾರೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಮದ್ಯಸಾರವಾಗುತ್ತದೆ. ಕಬ್ಬಿನ ವಿಷಯದಲ್ಲಿ ಇಷ್ಟು ಜಾಣರಾದ ನಾವು ಕಾಳಿನ ವಿಷಯದಲ್ಲಿ ದಡ್ಡರಾಗಬೇಕೆ?

ವಿದ್ಯಾರ್ಥಿನಿಲಯಗಳಲ್ಲಿ ಕಾಳು ಬೇಯುವ ದಿನ ಆ ಕಟ್ಟಿನಲ್ಲಿಯೇ ಸಾರು ಮಾಡಬೇಕೆಂದು ನನ್ನ ಸೂಚನೆ. ಇದಕ್ಕೆ ಹೊಸ ಖರ್ಚೇನೂ ಇಲ್ಲ; ನಲ್ಲಿಯ ನೀರಿನ ಬದಲು ಕಟ್ಟು, ಅಷ್ಟೆ. ಆದರೆ ಅಡಿಗೆಯವರಿಗೆ ಹೇಳುವ ಮುನ್ನ ನಾವು ಹೇಳಿಕೊಳ್ಳಬೇಕಾದ್ದೊಂದಿದೆ. ಮನೆಯಲ್ಲಿ ಬೆರಳು ನೆಕ್ಕಿ ಉಂಡದ್ದನ್ನು ಪರರೆದುರು ಉಣ್ಣಲು ನಾಚಬಾರದು. ಕಳೆದ ರಜೆಯಲ್ಲಿ ಆ ಬೆಂಗಳೂರಿನ ಗೆಳೆಯನನ್ನು ಊರಿಗೆ ಕರೆದೊಯ್ದಿದ್ದೆ. ಅಜ್ಜಿ ಮುದ್ದೆಗೆ ಬಸ್ಸಾರು ಬಡಿಸಿದರು. ಅವನು ಎರಡನೆಯ ಸಲ ಸಾರು ಕೇಳಿದ. ನಾನು ತಲೆ ತಗ್ಗಿಸಿಕೊಂಡು ಉಂಡೆ.

— ಒಬ್ಬ ಬಿ.ಎ. ವಿದ್ಯಾರ್ಥಿ